ಎಸ್ ಅಕ್ಷರದ ಒತ್ತು

ತಿ. ನರಸೀಪುರದಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದ ಆಕೆ, ಟೈಪ್ ಮಾಡಿದ ಪ್ರತಿ ಸಾಲಿನಡಿ ಸ್ಕೇಲ್ ಇಟ್ಟು "ಕೆಳಗ್ ನೋಡಿ ಸಾ" ಎನ್ನುತ್ತಿದ್ದರು. ಕನ್ನಡದ ತಪ್ಪುಗಳೆಲ್ಲ ಒತ್ತಕ್ಷರದಲ್ಲೇ ಅಡಗಿರುತ್ತವೆಂಬುದು ಅವರ ನಂಬಿಕೆ. ನಾನು ಮೇಲೆ ಮೇಲೆ ನೋಡಿ ತಲೆಯಾಡಿಸುತ್ತಿದ್ದೆ.

ತಾಂಡ್ಯದ ಕಾರ್ಖಾನೆಯೊಂದರಲ್ಲಿ ಲೇಬಲ್‌ಗಳ ಉಸ್ತುವಾರಿ ನನ್ನದು. ಒಮ್ಮೆ ರೊಮೇನಿಯಾಕ್ಕೆ ಹೋಗುವ ಪೆಟ್ಟಿಗೆಗಳ ಲೇಬಲ್ ಮಾಡಿಸಲು ಆಕೆಯ ಅಂಗಡಿಗೆ ಹೋದೆ. ರೊಮೇನಿಯಾದವರು ಕಳಿಸಿದ್ದ ಮಾದರಿಯಲ್ಲಿ ಎಸ್ ಅಕ್ಷರದ ಕೆಳಗೆ ಏನೋ ಚುಕ್ಕೆಯಂಥದ್ದು ಕಂಡಿತು. ಧೂಳೆಂದು ಕರವಸ್ತ್ರದಿಂದ ಕಂಪ್ಯೂಟರ್ ಪರದೆ ಒರೆಸಿದೆ. ಹೋಗಲಿಲ್ಲ. ಉಗುರಿನಿಂದ ಕೆರೆದೆ.

"ಧೂಳಲ್ಲ ಸಾ, ಅದು ಅವ್ರ ಒತ್ತು. ನಮ್ ಫಾಂಟಲ್ಲಿ ಅಕ್ಷರಕ್ಕೆ ಬಾಲ ಅಂಟ್ಕಂಡದೆ. ಅವ್ರದು ಕಾಮಾ ಥರ ಬುಡ್ಕಂಡಿರ್ಬೇಕು. ಬೇರೆ ಫಾಂಟ್ ಉಡುಕ್ತೀನಿ, ಕೂತ್ಕಳಿ."

ಸಂಜೆಯೊಳಗೆ ಲಾರಿ ಹೊರಡಬೇಕಿತ್ತು.

"ಅಷ್ಟ್ ದೂರದವ್ರು ಒಂದ್ ಕಾಮಾ ನೋಡ್ತಾರಾ? ಬಿಡಮ್ಮ," ಎಂದೆ, ದೊಡ್ಡ ಸಾಹೇಬನ ಗತ್ತಿನಲ್ಲಿ.

ಆಕೆ ಬಿಡಲಿಲ್ಲ. ಒಂದು ಗಂಟೆ ಹುಡುಕಿ, ಕಾಮಾ ಬಿಡಿಯಾಗಿ ನಿಲ್ಲುವ ಫಾಂಟ್ ಹಿಡಿದೇಬಿಟ್ಟರು. ಲೇಬಲ್ ಕೊಡುವಾಗ ಡ್ರಾಯರ್‌ನಿಂದ ಇನ್ನೊಂದು ಹಾಳೆ ತೆಗೆದರು. ನಮ್ಮ ಕಾರ್ಖಾನೆಯ ರಾಜ್ಯೋತ್ಸವ ಸಂಚಿಕೆಗೆ ನಾನು ಬರೆದ ಕತೆಯ ಕರಡು ಅದು. ಹಿಂದಿನ ವಾರವೇ ಓದಿ, "ಸರಿ ಇದೆ" ಎಂದು ರುಜು ಹಾಕಿ ಕೊಟ್ಟಿದ್ದೆ.

"ನೀವ್ ಬರ್ದಂಗೇ ಟೈಪ್ ಒಡ್ದಿದ್ದೆ ಸಾ. ಇಲ್ಲೂ ಒಂದ್ ಒತ್ತದೆ. ಬುಡ್ಲಾ, ತೆಗೀಲಾ?"

ತಲೆಬರಹ ಓದಿದೆ: 'ಹೀಗೊಂದು ಕತ್ತೆ'.

ಆಕೆ ತಲೆಬರಹದಡಿ ಸ್ಕೇಲ್ ಇಟ್ಟು, "ಕೆಳಗ್ ನೋಡಿ ಸಾ" ಎಂದರು.

ಕೆಳಗೆ ನೋಡಿದೆ. ದಪ್ಪ ಅಕ್ಷರದಲ್ಲಿ ನನ್ನ ಹೆಸರಿತ್ತು.