ನನ್ನ ಹೆಂಡತಿಯ ಕೈಗುಣ

ರಾಹೇಲ ತೀರಿಕೊಂಡು ಎಂಟು ತಿಂಗಳಾಯಿತು. ನಮ್ಮ ಚರ್ಚಿನ ಸಭೆಯವರು ಬಂದು, "ಅಮ್ಮನವರ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಉಪದೇಶಿಗಳೇ, ನಿಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?" ಎಂದರು. ಬರೆಯುತ್ತೇನೆ. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಹೆಂಗಸಿನ ಮೇಲೆ ನನಗೆ ಪ್ರೀತಿಯೂ ಇತ್ತು, ಹೊಟ್ಟೆಕಿಚ್ಚೂ ಇತ್ತು. ಯಾವುದು ಹೆಚ್ಚು ಎಂದು ಕೇಳಬೇಡಿ. ಈ 1947ರಲ್ಲಿ, ಅವಳು ಮಣ್ಣಿನಲ್ಲಿ ಮಲಗಿರುವಾಗಲೂ ಅದು ಪೂರ್ತಿ ಆರಿಲ್ಲ. ನಿನ್ನೆ ಕೂಡ ಯಾರೋ ಒಬ್ಬ ಬಾಗಿಲಿಗೆ ಬಂದು, "ಅಮ್ಮ ಇಲ್ವಾ?" ಎಂದು ಕೇಳಿದ. ಇಲ್ಲ ಎಂದೆ. ನಾನಿದ್ದೇನೆ ಎಂಬುದು ಅವನ ಲೆಕ್ಕಕ್ಕೇ ಬರಲಿಲ್ಲ, ಹೊರಟುಹೋದ.

ಅವಳು ಹುಟ್ಟಿದ ಊರು ಅವಳಿಗೇ ಗೊತ್ತಿರಲಿಲ್ಲ. ಪ್ಲೇಗಿನ ಕಾಲದಲ್ಲಿ ತಂದೆತಾಯಿಯನ್ನು ಕಳೆದುಕೊಂಡ ಕೂಸನ್ನು ಯಾರೋ ಪುಣ್ಯಾತ್ಮರು ಮೈಸೂರಿನ ಮಿಷನ್ನಿನವರ ಕೈಗೆ ಒಪ್ಪಿಸಿದರಂತೆ. ಅಲ್ಲೇ ಓದು, ಅಲ್ಲೇ ಹೊಲಿಗೆ, ಅಲ್ಲೇ ಗಾಯ ತೊಳೆದು ಕಟ್ಟುವ ವಿದ್ಯೆ. ಹದಿನೆಂಟಕ್ಕೆ ನನ್ನ ಕೈಹಿಡಿದಳು. ಇಬ್ಬರು ಹೆಣ್ಣುಮಕ್ಕಳನ್ನು ಹೆತ್ತು, ಒಬ್ಬಳನ್ನು ಜ್ವರಕ್ಕೆ ಕೊಟ್ಟಳು. 1932ರಲ್ಲಿ ಮಿಷನ್ನಿನವರು ನನ್ನನ್ನು ಮಳವಳ್ಳಿಗೆ ಮತ ಸಾರುವ ಉಪದೇಶಿಯಾಗಿ ಕಳಿಸಿದಾಗ ಎರಡು ಟ್ರಂಕು, ಒಂದು ಒರಳುಕಲ್ಲು ಹೊತ್ತ ಗಾಡಿಯಲ್ಲಿ ನನ್ನ ಹಿಂದೆ ಬಂದಳು. ಹಿಂದೆ ಬಂದವಳು ವರ್ಷ ತುಂಬುವುದರೊಳಗೆ ಮುಂದೆ ಹೋಗಿಬಿಟ್ಟಳು.

ನಡೆದದ್ದು ಹೀಗೆ. ಆ ಸೀಮೆಯ ಜನ ಮೆಟ್ಟಿಲುಬಾವಿಗೆ ಇಳಿದು ನೀರು ತುಂಬುತ್ತಿದ್ದರು, ಅದೇ ನೀರನ್ನು ಕುಡಿಯುತ್ತಿದ್ದರು. ಹಾಗಾಗಿ ನಾರುಹುಣ್ಣು ಮನೆಮನೆಗೂ ಇತ್ತು. ಕಾಲಿನಲ್ಲಿ ಬೊಕ್ಕೆ ಎದ್ದು ಒಡೆದರೆ ಅದರೊಳಗಿಂದ ದಾರದಂಥ ಹುಳು ತಲೆ ಹಾಕುತ್ತದೆ. ಒಂದು ಮೊಳದಷ್ಟು ಉದ್ದವೂ ಇರುತ್ತದೆ. ಅದರ ತುದಿಯನ್ನು ಕಡ್ಡಿಗೆ ಸಿಕ್ಕಿಸಿ, ತಣ್ಣೀರು ಹುಯ್ದು, ದಿನಕ್ಕೆ ಒಂದು ಸುತ್ತಿನಂತೆ ಸುತ್ತುತ್ತಾ ತೆಗೆಯಬೇಕು. ಅವಸರಪಟ್ಟು ಎಳೆದರೆ ತುಂಡಾಗಿ ಒಳಗೆ ಉಳಿದು ಕಾಲು ಕೊಳೆಯುತ್ತದೆ. ರಾಹೇಲ ಇದನ್ನು ಊರಿನ ಸೂಲಗಿತ್ತಿಯೊಬ್ಬಳಿಂದ ಕಲಿತಳು. ಅವಳ ಕೈಯಲ್ಲಿ ಒಂದು ನಾರೂ ತುಂಡಾಗಲಿಲ್ಲ. "ಆಯಮ್ಮನ ಕೈಗುಣ!" ಎಂದು ಊರೂರಲ್ಲಿ ಸುದ್ದಿಯಾಯಿತು. ಬೆಳಗಾದರೆ ನಮ್ಮ ಜಗಲಿಯ ಮೇಲೆ ಚಾಚಿದ ಕಾಲುಗಳ ಸಾಲು.

ನಾನೋ, ಕ್ರಿಸ್ತನ ಕತೆಯ ಬಣ್ಣದ ಪಟಗಳನ್ನು ಹೆಗಲಿಗೆ ಹಾಕಿಕೊಂಡು ಹಳ್ಳಿ ಹಳ್ಳಿ ಸುತ್ತುತ್ತಿದ್ದೆ. ಜನ ಪಟ ನೋಡುತ್ತಿದ್ದರು, ನಾನು ಬಾಯಿ ತೆರೆದ ಕೂಡಲೆ ಎದ್ದು ಹೋಗುತ್ತಿದ್ದರು. ನಿಂತರೂ ಕೇಳುತ್ತಿದ್ದದ್ದು ಒಂದೇ ಮಾತು: "ಅಮ್ಮಾವ್ರು ಚೆಂದಾಗವ್ರಾ?" ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಕೈ ಅವಳದು, ಬಾಯಿ ನನ್ನದು, ಮೊಸರು ಮಾತ್ರ ನನ್ನ ಬಾಯಿಗೆ ಬರಲಿಲ್ಲ. ಹನ್ನೆರಡು ವರ್ಷಕ್ಕೆ ನಮ್ಮ ಭಾನುವಾರದ ಆರಾಧನೆಗೆ ಬರುತ್ತಿದ್ದವರು ಹನ್ನೊಂದು ಜನ. ಅದರಲ್ಲಿ ಒಂಬತ್ತು ಜನ ಅವಳ ಕೈಯಲ್ಲಿ ವಾಸಿಯಾದವರು. ನನ್ನ ಮೈಯಲ್ಲಿ ಕಸುವು ಉಳಿದಿರಲಿಲ್ಲ. ಈ ಕೆಲಸ ಬಿಟ್ಟು ಮೈಸೂರಿನಲ್ಲಿ ಎಲ್ಲಾದರೂ ಗುಮಾಸ್ತನಾಗಲೇ ಎಂದು ಎಷ್ಟು ಸಲ ಅನ್ನಿಸಿತೋ.

ಕಿರುಗಾವಲಿನ ದಾರಿಯಲ್ಲಿ, ನಾಲ್ಕು ಮೈಲಿ ದೂರದ ಒಂದು ಹಳ್ಳಿಯಲ್ಲಿ ದೇವೀರಮ್ಮ ಎಂಬ ಮುದುಕಿಯಿದ್ದಳು. ನಾನು ಅವಳ ಮನೆಯ ಮುಂದೆ ಪಟ ಬಿಚ್ಚಿದಾಗಲೆಲ್ಲ ಜಗಲಿಯ ಮೇಲೆ ಕೂತು ಮೊರದಲ್ಲಿ ರಾಗಿ ಹಸನು ಮಾಡುತ್ತಿದ್ದಳು. ಒಬ್ಬನ ತಪ್ಪನ್ನು ಇನ್ನೊಬ್ಬ ಹೊತ್ತ ಆ ಶಿಲುಬೆಯ ಕತೆಯನ್ನು ನಾನು ಕಣ್ಣು ತುಂಬಿ ಹೇಳುತ್ತಿದ್ದರೆ, ಆಕೆ ಗಂಟಲು ಕಾಣುವಷ್ಟು ಬಾಯಿ ತೆರೆದು ಆಕಳಿಸುತ್ತಿದ್ದಳು. 1944ರ ಬೇಸಗೆಯಲ್ಲಿ ಆ ದೇವೀರಮ್ಮನ ಹಿಮ್ಮಡಿಯ ಮೇಲೆ ನಾರು ಎದ್ದಿತು.

ಮಗ ಸಿದ್ದರಾಜು ಬಂದು ರಾಹೇಲಳನ್ನು ಕರೆದೊಯ್ದ. ಅರ್ಧ ನಾರು ಸುತ್ತಿದ್ದಾಗ ರಾಹೇಲಳಿಗೆ ಚಳಿಜ್ವರ ಹಿಡಿಯಿತು. ನಾಲೆ ಬಂದ ಮೇಲೆ ನಮ್ಮ ಕಡೆ ಗದ್ದೆಯ ಜೊತೆಗೆ ಸೊಳ್ಳೆಯೂ ಬೆಳೆದಿತ್ತು. ಯುದ್ಧದ ದೆಸೆಯಿಂದ ಕ್ವಿನೈನು ಸಿಗುತ್ತಿರಲಿಲ್ಲ. ನಾಲ್ಕು ಕಂಬಳಿ ಹೊದ್ದು ನಡುಗುತ್ತಲೇ ಅವಳು ನನಗೆ ಪಾಠ ಹೇಳಿದಳು. "ದಿನಕ್ಕೆ ಒಂದೇ ಸುತ್ತು ಕಣ್ರೀ. ಬಿಗಿ ಹಿಡಿದ್ರೆ ಅಲ್ಲೇ ನಿಲ್ಲಿಸಿ, ನೀರು ಹುಯ್ದು ಕಡ್ಡಿ ಕಟ್ಟಿ ಬಂದ್ಬಿಡಿ. ಎಳೀಬೇಡಿ."

ಎರಡು ದಿನ ಹಾಗೇ ಮಾಡಿದೆ. ಮೂರನೆಯ ದಿನ ನಾರು ಬಿಗಿ ಹಿಡಿಯಿತು. ಮನೆಯವರೆಲ್ಲ ಹೊಲಕ್ಕೆ ಹೋಗಿದ್ದರು. ನಾನು, ಮುದುಕಿ, ಇಬ್ಬರೇ. ಆಕೆ ಕಾಲನ್ನೇ ನೋಡುತ್ತಾ, "ರಾಯ್ಲವ್ವ ಆಗಿದ್ರೆ ಇಷ್ಟೊತ್ಗೆ ಪೂರಾ ತಗ್ದುಬುಟ್ಟಿರೋಳು," ಎಂದಳು.

ಅಷ್ಟೇ ಆಕೆ ಹೇಳಿದ್ದು. ಹನ್ನೆರಡು ವರ್ಷದ ಹೊಟ್ಟೆಯುರಿ ನನ್ನ ಬೆರಳಿಗೆ ಇಳಿಯಿತು. ಇವತ್ತು ಪೂರ್ತಿ ತೆಗೆದು, ಉಪದೇಶಿಯ ಕೈಗುಣ ಏನು ಅಂತ ಈ ಊರಿಗೆ ತೋರಿಸಿಯೇ ಬಿಡುತ್ತೇನೆ ಎಂದುಕೊಂಡೆ. ಒಂದು ಸುತ್ತು ಸುತ್ತಿದೆ, ಬಂತು. ಇನ್ನೊಂದು ಸುತ್ತಿದೆ. ಮೂರನೆಯದಕ್ಕೆ ಕಡ್ಡಿ ಸಡಿಲಾಗಿ ನನ್ನ ಕೈಗೆ ಬಂತು. ತುಂಡಾದ ನಾರು ಸರ್ರನೆ ಒಳಗೆ ಸರಿದುಹೋಯಿತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಎಷ್ಟೋ ಜನಕ್ಕೆ ಹೇಳಿದವನು ನಾನೇ. ಮುದುಕಿ ನೋವಿಗೆ ತುಟಿ ಕಚ್ಚಿ ನನ್ನ ಮುಖ ನೋಡಿದಳು. ನಾನು ಬಟ್ಟೆ ಕಟ್ಟಿ, ತಲೆ ತಗ್ಗಿಸಿ ಎದ್ದು ಬಂದೆ.

ಮನೆಗೆ ಬಂದು ರಾಹೇಲಳಿಗೆ, "ಮುದುಕಿ ಕಾಲು ಒದರಿದಳು, ತುಂಡಾಯಿತು," ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು.

ಮಾರನೆಯ ದಿನವೇ ಅವಳು ಹಾಸಿಗೆ ಬಿಟ್ಟು ಎದ್ದಳು. ಜಹಾಂಗೀರ್ ಸಾಬರ ಜಟಕಾ ತರಿಸಿದೆ. ದೇವೀರಮ್ಮನ ಕಾಲು ಮೊಣಕಾಲಿನವರೆಗೆ ಕೆಂಪಗೆ ಊದಿಕೊಂಡಿತ್ತು. ರಾಹೇಲಳಿಗೆ ಜ್ವರದ ಸಿಟ್ಟು ಬೇರೆ. "ಎಷ್ಟು ಸಲ ಹೇಳಿದ್ದೆ ಕಣವ್ವ, ಕಾಲು ಅಲ್ಲಾಡಿಸಬೇಡ ಅಂತ? ಯಾಕೆ ಒದರಿದೆ?" ಎಂದು ಗದರಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ದೇವೀರಮ್ಮ ಒಂದು ಗಳಿಗೆ ನನ್ನನ್ನು ನೋಡಿದಳು. ಆಮೇಲೆ ನಿಧಾನವಾಗಿ, "ಊ ಕಣವ್ವ, ಒದರ್ಬುಟ್ಟೆ," ಎಂದಳು.

ಅಲ್ಲಿಂದ ಒಂಬತ್ತು ದಿನ. ದಿನವೂ ನಾಲ್ಕು ಮೈಲಿ ಹೋಗಿ, ಬಿಸಿನೀರಿನ ಶಾಖ ಕೊಟ್ಟು, ಬೇವಿನ ಸೊಪ್ಪು ಅರೆದು ಕಟ್ಟಿ ಬರುತ್ತಿದ್ದೆವು. ದಿನ ಬಿಟ್ಟು ದಿನ ಮಧ್ಯಾಹ್ನಕ್ಕೆ ರಾಹೇಲಳಿಗೆ ಚಳಿ ಬರುತ್ತಿತ್ತು. ಹಲ್ಲು ಕಟಕಟ ಎನ್ನುವುದರೊಳಗೆ ಕೆಲಸ ಮುಗಿಸಿಕೊಳ್ಳುತ್ತಿದ್ದಳು. ಸಿದ್ದರಾಜು ತಾಯಿಯನ್ನು ದಿನವೂ ಬಯ್ಯುತ್ತಿದ್ದ: "ಸುಮ್ಕೆ ಕುಂತ್ಕಳಕ್ಕೆ ಏನಾಗಿತ್ತವ್ವ ನಿಂಗೆ? ಉಳ ಕೂತದೆ ಒಳ್ಗೆ, ಈಗ ಕಾಲ್ ಓದ್ರೆ ಯಾರ್ ನೋಡ್ಕಳ್ಳಾದು?" ನೆರೆಯವರೂ ಬಯ್ದರು, ರಾಹೇಲಳೂ ಕಟ್ಟು ಬಿಚ್ಚಿದಾಗಲೆಲ್ಲ ಗದರುತ್ತಿದ್ದಳು. ಮುದುಕಿ ಬಾಯಿ ಬಿಡಲಿಲ್ಲ. ನಾನು ಬೋಗುಣಿ ಹಿಡಿದು ಪಕ್ಕದಲ್ಲೇ ನಿಂತಿರುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಯಾರು ಮಾತೆತ್ತಿದರೂ ನೀರು ಬದಲಿಸುವ ನೆಪದಲ್ಲಿ ಬೋಗುಣಿ ಹಿಡಿದು ಹಿತ್ತಲಿಗೆ ಹೋಗುತ್ತಿದ್ದೆ.

ಇಷ್ಟರ ಮಧ್ಯೆಯೂ ನನ್ನ ಹೊಟ್ಟೆಕಿಚ್ಚು ತಣ್ಣಗಾಗಲಿಲ್ಲ, ಅದನ್ನೂ ಹೇಳುತ್ತೇನೆ. ಜಟಕಾ ಹೋಗುವ ದಾರಿಯಲ್ಲಿ ಹೆಂಗಸರು ಅವಳಿಗೆ ಮಜ್ಜಿಗೆ ಹಿಡಿದು ನಿಂತಿರುತ್ತಿದ್ದರು. ಜಹಾಂಗೀರ್ ಅವಳಿಗೆಂದು ದಿಂಬು ತಂದಿದ್ದ. ಏರು ಬಂದರೆ ನನ್ನ ಕಡೆ ತಿರುಗಿ, "ಉಪದೇಶಿಗಳೇ, ನೀವು ಒಸಿ ಇಳ್ದು ನಡೀರಿ, ಕುದುರೆಗೆ ಭಾರ ಆಯ್ತದೆ," ಎನ್ನುತ್ತಿದ್ದ. ಕಡ್ಡಿಯಂತಾಗಿದ್ದ ನನ್ನಿಂದ ಕುದುರೆಗೆ ಭಾರ! ಧೂಳು ತಿನ್ನುತ್ತಾ ಗಾಡಿಯ ಹಿಂದೆ ನಡೆಯುತ್ತಿದ್ದೆ.

ಒಂಬತ್ತನೆಯ ದಿನ ಊತ ಒಡೆದು ಕೀವು ಹೊರಬಂತು, ಅದರ ಜೊತೆಗೆ ಕೊಳೆತ ನಾರಿನ ತುಂಡುಗಳೂ. ರಾಹೇಲ ತೊಳೆದು ಕಟ್ಟಿ, "ಕಾಲು ಉಳೀತು. ಆದ್ರೆ ಹಿಮ್ಮಡಿ ಊರಿ ನಡೆಯೋದು ಇನ್ನು ಕಷ್ಟ," ಎಂದಳು. ಕಾಲು ಉಳಿಯಿತಲ್ಲ, ಇನ್ನು ಬಾಯಿ ಬಿಡುವ ಅಗತ್ಯವೇನು ಎಂದು ನನ್ನ ಮನಸ್ಸು ಆಗಲೇ ಲೆಕ್ಕ ಹಾಕಿತು.

ವಾಪಸು ಬರುವಾಗ ಅವಳು ಜಟಕಾದ ಕಂಬಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ನಿದ್ದೆ ಎಂದುಕೊಂಡೆ. "ನಂಗೆ ಸಾಕಾಗಿದೆ ಕಣ್ರೀ," ಎಂದಳು, ಕಣ್ಣು ತೆರೆಯದೆ. "ಬೆಳಿಗ್ಗೆ ಪ್ರಾರ್ಥನೆಗೆ ಕೂತ್ರೆ ಒಂದು ಮಾತೂ ಬರಲ್ಲ. ಎರಡು ವರ್ಷವಾಯ್ತು. ಆ ಕಡೆಯಿಂದಾನೂ ಏನೂ ಕೇಳ್ಸಲ್ಲ. ಕೈಗುಣ ಅಂತಾರೆ, ನನ್ನ ಕೈಯಲ್ಲಿ ಏನೂ ಇಲ್ಲ. ಇವತ್ತು ಹೋಗಲ್ಲ ಅಂತ ದಿನಾ ಅಂದ್ಕೋತೀನಿ."

"ಮತ್ಯಾಕೆ ಹೋಗ್ತೀಯ?"

"ಆಯಮ್ಮ ಕಾಲು ಚಾಚಿಕೊಂಡು ಕಾಯ್ತಿರ್ತಾಳಲ್ಲ. ದೇವರು ಈಗ ಮಾತಾಡದಿದ್ರೆ ಬೇಡ ಬಿಡಿ. ಹೇಳಬೇಕಾದ್ದನ್ನ ಆವತ್ತೇ ಹೇಳಿದಾನಲ್ಲ, ರೋಗದಲ್ಲಿದ್ದವರನ್ನ ನೋಡ್ಕೊಳ್ಳಿ ಅಂತ."

ನನಗೆ ಪ್ರಾರ್ಥನೆ ಯಾವತ್ತೂ ನೀರು ಕುಡಿದಷ್ಟು ಸುಲಭ. ಗಂಟೆಗಟ್ಟಲೆ ಮಾಡಬಲ್ಲೆ. ಅದೊಂದರಲ್ಲಾದರೂ ಇವಳಿಗಿಂತ ನಾನು ಮೇಲು ಎಂದು ಸಮಾಧಾನ ಪಟ್ಟುಕೊಂಡಿದ್ದೆ. ಪ್ರಾರ್ಥನೆಯ ಬುತ್ತಿಯೇ ಇಲ್ಲದೆ ಇವಳು ಇಷ್ಟು ದೂರ ನಡೆದಿದ್ದಾಳೆ, ನಾನು ಬುತ್ತಿ ತಿನ್ನುತ್ತಾ ಕೂತಲ್ಲೇ ಕೂತಿದ್ದೇನೆ. ಹೊಟ್ಟೆಯುರಿ ತಡೆಯಲಾಗಲಿಲ್ಲ. ತಡೆಯಲಾಗದೆಯೇ ಬಾಯಿ ಬಿಟ್ಟೆ.

"ರಾಹೇಲ, ಮುದುಕಿ ಕಾಲು ಒದರಲಿಲ್ಲ. ನಾನೇ ಎಳೆದೆ. ನಿನಗಿಂತ ಬೇಗ ತೆಗೀಬೇಕು ಅಂತ ಎಳೆದೆ."

ಅವಳು ಕಣ್ಣು ತೆರೆದಳು. ಬಯ್ಯುತ್ತಾಳೆ, ಅಳುತ್ತಾಳೆ ಎಂದು ಕಾದೆ. ಎರಡನ್ನೂ ಮಾಡಲಿಲ್ಲ.

"ಜಹಾಂಗೀರಣ್ಣ, ಗಾಡಿ ತಿರುಗಿಸಿ."

"ಅಮ್ಮಾ, ನಿಮಗೆ ಚಳಿ ಬರೋ ಹೊತ್ತು," ಎಂದ ಅವನು.

"ಬರಲಿ. ತಿರುಗಿಸಿ." ಆಮೇಲೆ ನನ್ನ ಕಡೆ ತಿರುಗಿದಳು. "ಒಂಬತ್ತು ದಿನ ನನ್ನ ಬಾಯಲ್ಲಿ ಆಯಮ್ಮನ್ನ ಬಯ್ಸಿದ್ರಿ."

ಅದೊಂದೇ ಮಾತು. ಇಪ್ಪತ್ತಾರು ವರ್ಷದಲ್ಲಿ ಅವಳು ನನಗೆ ಕೊಟ್ಟ ಪೆಟ್ಟು ಅದೊಂದೇ.

ನಾವು ಮತ್ತೆ ಹೋದಾಗ ಸಿದ್ದರಾಜು ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಪಕ್ಕದ ಮನೆಯ ಇಬ್ಬರು ಹೆಂಗಸರು ಮುದುಕಿಯ ಬಳಿ ಕೂತಿದ್ದರು. ರಾಹೇಲ ಆಗಲೇ ನಡುಗುತ್ತಿದ್ದಳು. ಅವಳನ್ನು ಕಂಬಕ್ಕೆ ಒರಗಿಸಿ ಕೂರಿಸಿ ಕಂಬಳಿ ಹೊದಿಸಿದರು. ಎಲ್ಲರ ಮುಂದೆ ನಿಂತು ಹೇಳಿದೆ. ಪಟವಿಲ್ಲ, ಕೀರ್ತನೆಯಿಲ್ಲ. "ದೇವೀರಮ್ಮ ಕಾಲು ಒದರಲಿಲ್ಲ. ನನ್ನ ಹೆಂಡತಿಗೆ ಬರೋ ಹೆಸರು ನನಗೂ ಬರಲಿ ಅಂತ ನಾನೇ ಎಳೆದು ತುಂಡು ಮಾಡಿದೆ. ಸುಳ್ಳು ಹೇಳಿದವನೂ ನಾನೇ." ಆವತ್ತು ಯಾರೂ ಎದ್ದು ಹೋಗಲಿಲ್ಲ.

ಸಿದ್ದರಾಜು ಹಗ್ಗ ಎಸೆದು ಎದ್ದ. "ನಮ್ಮವ್ವನ್ನ ಕುಂಟಿ ಮಾಡ್ಬುಟ್ಟು ಒಂಬತ್ ದಿನ ಬೋಗ್ಣಿ ಇಡ್ಕಂಡ್ ನಿಂತಿದ್ರಾ? ಇನ್ ಮ್ಯಾಕೆ ಈ ಅಟ್ಟಿಗೆ ಕಾಲಿಕ್ಬ್ಯಾಡಿ!"

"ಸುಮ್ಕಿರ್ಲಾ," ಎಂದಳು ದೇವೀರಮ್ಮ. ನನ್ನನ್ನು ಹತ್ತಿರ ಕರೆದಳು. "ಬಾರಪ್ಪ ಉಪದೇಸಪ್ಪ. ಅನ್ನೆಲ್ಡ್ ವರ್ಸದಿಂದ ಪಟ ಬಿಚ್ಕಂಡು ಯೋಳ್ತಿದ್ದಲ್ಲ, ಯಾರ್ದೋ ತಪ್ಪ ಇನ್ಯಾರೋ ಒತ್ಕಂಡ ಅಂತವ. ನಾನೂ ಒತ್ಕಂಡ್ ನೋಡ್ದೆ. ಬಲೇ ಬಾರ ಕಣಪ್ಪ. ನಿಂದ ನೀನೇ ತಕ್ಕೋ."

ಆಕೆ ಕಟ್ಟು ಸಡಿಲವಾಗಿದ್ದ ಕಾಲನ್ನು ನನ್ನ ಮುಂದೆ ಚಾಚಿದಳು. ನಾನು ಬರೀ ಬಾಯಲ್ಲಿ ಹೇಳಿದ್ದನ್ನು ಈ ಮುದುಕಿ ಮಾಡಿಯೇ ಬಿಟ್ಟಳಲ್ಲ ಎಂದು ಆ ಗಳಿಗೆಯಲ್ಲೂ ನನಗೆ ಮೊದಲು ಬಂದದ್ದು ಹೊಟ್ಟೆಕಿಚ್ಚು, ಸುಳ್ಳು ಹೇಳಲಾರೆ. ಅಳು ಬಂದದ್ದು ಅದರ ಹಿಂದೆ. ಕಂಬಳಿಯೊಳಗಿಂದ ರಾಹೇಲ, ಹಲ್ಲು ಕಟಕಟಿಸುತ್ತಲೇ, "ಅಳೋದು ಆಮೇಲೆ, ಮೊದಲು ಕೈ ತೊಳ್ಕೊಳ್ಳಿ," ಎಂದಳು.