ತುಳಿಯಬಾರದ ಹಿಮ

ಸ್ಟುಡಿಯೋದಲ್ಲಿ ಎಲ್ಲರಿಗೂ ಅವಳು ಹಿಮಕ್ಕ. ಸಿನಿಮಾಕ್ಕೆ ಹಿಮ ಹರಡುವುದರಲ್ಲಿ ಎತ್ತಿದ ಕೈ. ನಿಜವಾದ ಹಿಮ ಕಂಡಿದ್ದೀಯಾ ಎಂದು ಯಾರಾದರೂ ಕೆಣಕಿದರೆ, "ನಮ್ಮನೆ ಫ್ರಿಜ್ ಬಾಗ್ಲು ಸರಿಯಾಗಿ ಹಾಕ್ಕೊಳಲ್ಲ, ದಿನಾ ನೋಡ್ತೀನಿ" ಎನ್ನುವಳು. ನೆಲಕ್ಕೆ ಕಾಗದದ ಪುಡಿ, ಕಿಟಕಿಯಂಚಿಗೆ ಉಪ್ಪು, ಸೂರಿಗೆ ಹತ್ತಿ. ಮೂಲೆಯಿಂದ ಹರಡುತ್ತಾ ಹಿಂದೆ ಹಿಂದೆ ನಡೆದು ಬಾಗಿಲಿಗೆ ಬಂದಳೆಂದರೆ ಕೆಲಸ ಮುಗಿಯಿತು. ಆಮೇಲೆ ಅದರ ಮೇಲೆ ನೊಣ ಕೂತರೂ ಅವಳಿಗೆ ಸಿಟ್ಟು. ಒಮ್ಮೆ ನಿರ್ಮಾಪಕರನ್ನೇ, "ಸ್ವಾಮಿ, ಕಾಲು ಎಲ್ಲಿಡ್ತಿದೀರಿ?" ಎಂದು ಗದರಿ ಹೊರಗಟ್ಟಿದ್ದಳು.

ಅವಳಿಗೆ ಇನ್ನೊಂದು ಹಟವಿತ್ತು. ಹತ್ತಿಗೆ ಬೆಂಕಿ ಹಿಡಿಯಬಾರದೆಂದು ಬಿಳಿಗಾರದ ನೀರಿನಲ್ಲಿ ಅದ್ದಿ ಒಣಗಿಸುವಳು. ಪ್ರತಿ ಮೂಟೆಯಿಂದಲೂ ಒಂದು ಚಿಟಿಕೆ ಕಿತ್ತು ಕಡ್ಡಿ ಗೀರುವಳು. ಉರಿಯದೆ ಕರ್ರಗಾಗಿ ಆರಿದರೆ ಮಾತ್ರ ಆ ಮೂಟೆಗೆ ಕೆಂಪು ದಾರ. "ಬೆಳ್ಳಗಿರೋದೆಲ್ಲ ಹಾಲಲ್ಲ ಕಣೋ" ಎಂದು ಜೊತೆಗೆ ದುಡಿಯುವ ತಮ್ಮನಿಗೆ ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದಳು. ನಲವತ್ತು ದಾಟಿದ ತಮ್ಮ ಹೂಂ ಎನ್ನುತ್ತಿದ್ದ, ಅಷ್ಟೇ.

ಅಂದು ಸೆಟ್ಟಿನಲ್ಲಿ ಒಂದು ಮರದ ಮನೆ. ತಗ್ಗಾದ ಸೂರಿನ ತುಂಬ ತಮ್ಮ ಅಂಟಿಸಿದ ಹತ್ತಿಯ ಹಿಮ. ಅದರ ಕೆಳಗೆ ಮಂಡಿ ಹಿಡಿದುಹೋದ ಹಿರಿಯ ನಟಿ ಕೂತಿದ್ದರು. ಅವರು ಉರಿಯುವ ಮೇಣದಬತ್ತಿಯನ್ನು ತಲೆಯ ಮೇಲೆತ್ತಿ ಮಗನ ದಾರಿ ನೋಡಬೇಕು. ಬತ್ತಿಗೆ ಗಾಳಿ ತಾಗದಂತೆ ಓರೆಯಾಗಿಟ್ಟ, ಹಿಮ ತೂರುವ ದೊಡ್ಡ ಫ್ಯಾನು ಭೋರ್ಗರೆಯತೊಡಗಿತು. ಕ್ಯಾಮೆರಾ ಚಾಲೂ ಆಯಿತು.

ಹಿಮಕ್ಕ ಕ್ಯಾಮೆರಾದ ಹಿಂದೆ ನಿಂತು ತೋಳಿಗಂಟಿದ ಹತ್ತಿಯ ಎಳೆಯನ್ನು ಸುಮ್ಮನೆ ಬೆರಳಲ್ಲಿ ಹೊಸಕಿದಳು. ಮೆತ್ತಗಿತ್ತು. ಬಿಳಿಗಾರ ಕುಡಿದ ಹತ್ತಿ ಒರಟಾಗಿ ಬೆರಳಿಗೆ ಚುಚ್ಚಬೇಕು. ಅವಳು ಪಕ್ಕದಲ್ಲಿದ್ದ ತಮ್ಮನ ಕಡೆ ತಿರುಗಿದಳು.

"ಸೂರಿನ ಹತ್ತಿ ಸುಟ್ಟು ನೋಡಿದ್ಯೇನೋ?"

"ಕೆಂಪು ದಾರ ಇತ್ತಲ್ಲಕ್ಕ."

"ಕಟ್ಟಿದ್ಯಾರು?"

"ನಾನೇ. ಹೊತ್ತಾಗುತ್ತೆ ಅಂತ ಅದ್ದೋಕೆ ಮೊದ್ಲೇ ಎಲ್ಲಾ ಮೂಟೆಗೂ ಕಟ್ಟಿಟ್ಟಿದ್ದೆ."

"ಬತ್ತಿ ಆರ್ಸಿ!" ಎಂದು ಹಿಮಕ್ಕ ಕೂಗಿದಳು. ಫ್ಯಾನಿನ ಅಬ್ಬರದಲ್ಲಿ ಅವಳ ಕೂಗು ಅವಳಿಗೇ ಕೇಳಿಸಲಿಲ್ಲ. ನಟಿಯ ಕೈ ಮೇಲೇಳುತ್ತಿತ್ತು. ಕಣ್ಣ ಮುಂದಿನ ಅಂಗಳದಲ್ಲಿ, ಬೆಳಗಿನಿಂದ ಬೆನ್ನು ಬಗ್ಗಿಸಿ ಹರಡಿದ, ಒಂದು ಗೆರೆಯೂ ಬೀಳದ ಹಿಮ. ಜನ್ಮದಲ್ಲಿ ಮೊದಲ ಸಲ ಅವಳು ತನ್ನ ಹಿಮವನ್ನು ತಾನೇ ತುಳಿದಳು. ಜಾರಿ, ಮುಗ್ಗರಿಸಿ, ಪುಡಿ ಎಬ್ಬಿಸುತ್ತಾ ಓಡಿದಳು. ಬತ್ತಿಯ ತುದಿ ಸೂರಿಗೆ ಗೇಣಿರುವಾಗ ಉರಿಯನ್ನು ಬರಿಗೈಯಲ್ಲೇ ಹಿಡಿದು ಹೊಸಕಿಬಿಟ್ಟಳು.

ಫ್ಯಾನು ನಿಂತಿತು. "ಹುಚ್ಚು ಹಿಡಿದಿದ್ಯೇನಮ್ಮಾ ನಿಂಗೆ?" ನಿರ್ದೇಶಕರು ಕೆಂಡವಾಗಿದ್ದರು.

ಹಿಮಕ್ಕ ಸೂರಿನಿಂದ ಒಂದು ಚಿಟಿಕೆ ಹತ್ತಿ ಕಿತ್ತು, ನಟಿಯನ್ನು ಕೈಹಿಡಿದು ಅಂಗಳದಾಚೆಗೆ ಕರೆತಂದು ಕೂರಿಸಿದಳು. ಆಮೇಲೆ ಹತ್ತಿಯನ್ನು ತಮ್ಮನ ಕೈಗಿಟ್ಟು, ಬೆಂಕಿಪೊಟ್ಟಣ ಕೊಟ್ಟಳು.

"ನೀನೇ ಹಚ್ಚು."

ಕಡ್ಡಿ ಗೀರಿದ. ಭಗ್ಗೆಂದು ಉರಿದ ಹತ್ತಿ, ಅವನು ಬೆರಳು ಬಿಡುವಷ್ಟರಲ್ಲಿ ಇಲ್ಲವಾಗಿತ್ತು. ತಮ್ಮ ಸೂರನ್ನೊಮ್ಮೆ, ಆ ಮುದುಕಿಯ ಮಂಡಿಯನ್ನೊಮ್ಮೆ ನೋಡಿ, ಅಲ್ಲೇ ಕುಸಿದು ಕೂತು ಅತ್ತುಬಿಟ್ಟ.

ಹಿಮಕ್ಕನಿಗೂ ಅಳು ಬಂತು. ಸುಟ್ಟ ಅಂಗೈಯನ್ನು ಸೆರಗಿನಲ್ಲಿ ಒತ್ತಿಕೊಂಡು, "ಏಳೋ. ಏಣಿ ತಾ. ಅಷ್ಟೂ ಇಳಿಸಿ, ಬಿಳಿಗಾರದಲ್ಲಿ ಅದ್ದಬೇಕು" ಎಂದಳು.