ಎಡಗಡೆಯ ಸೀಟು

ನಮ್ಮ ವಡಗಾವಿಯ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಅಮೀನಾ, ತಾಂಜಾನಿಯಾದಿಂದ ಕಾಲೇಜಿನಲ್ಲಿ ಕಲಿಸಲು ಬಂದವಳು. ಅವಳಿಗೊಂದು ಹಳೆಯ ಕಾರು ಬೇಕು. ಆದರೆ ಪರದೇಶದವಳೆಂದು ಯಾರಾದರೂ ಮೋಸ ಮಾಡಿಯಾರೆಂಬ ಭಯ. ಹಾಗಾಗಿ ಇಂದು ಮಗಳು ಶರ್ವರಿಯನ್ನು ಎತ್ತಿಕೊಂಡು ನಾನೂ ಅವಳೊಂದಿಗೆ ಖಾನಾಪುರಕ್ಕೆ ಹೋದೆ.

ಕಾರು ಮಾರುವವರು ಶಾಂತಾಬಾಯಿ. ಗಂಡ ನೇಮಿನಾಥರು ಹೋದ ವರ್ಷ ತೀರಿಕೊಂಡರು, ಮಕ್ಕಳಿಲ್ಲ. ಇವರಿಗೆ ಗಾಡಿ ಓಡಿಸಲು ಬರುವುದಿಲ್ಲ. ಆದರೂ ಗಾಜಿನ ಮೇಲೆ ಚೂರೂ ಧೂಳಿರಲಿಲ್ಲ.

ಅಮೀನಾ ಓಡಿಸಿ ನೋಡಲು ಕುಳಿತಳು. ಯಾರೂ ಕರೆಯದಿದ್ದರೂ ಶಾಂತಾಬಾಯಿ ಮುಂದಿನ ಎಡಗಡೆಯ ಸೀಟಿನಲ್ಲಿ ಕುಳಿತು ಸೆರಗು ಸರಿಮಾಡಿಕೊಂಡರು.

"ಸಾವಕಾಶ ಹೊಡಿ ಯವ್ವಾ. ಅವರೂ ಹಿಂಗ ಜೋರ ಹೊಡೀತಿದ್ರು."

ತಿರುಗಿ ಬಂದ ಮೇಲೂ ಶಾಂತಾಬಾಯಿ ಸೀಟು ಬಿಟ್ಟು ಇಳಿಯಲಿಲ್ಲ. ನಾನು ಆರ್‌ಸಿ ನೋಡಿದೆ. ಇನ್ನೂ ನೇಮಿನಾಥರ ಹೆಸರಿನಲ್ಲೇ ಇತ್ತು.

"ಅಕ್ಕಾರ, ಗಾಡಿ ಮೊದಲ ನಿಮ್ಮ ಹೆಸರಿಗೆ ಆಗ್ಬೇಕ್ರಿ. ಆಮ್ಯಾಲೆ ಈಕಿ ತಗೊಳಾಕ ಬರತೈತಿ."

"ನಮ್ಮಿಬ್ಬರದು ಬ್ಯಾರೆ ಬ್ಯಾರೆ ಇತ್ತೇನವಾ?"

ಆದರೂ, ಹೆಸರು ಬದಲಾಗುವವರೆಗೆ ಮುಂಗಡವನ್ನೂ ಕೊಡಬೇಡ ಎಂದು ಅಮೀನಾಗೆ ತಿಳಿಸಿದೆ. ಅವಳು ಕಾಯಲು ಒಪ್ಪಿದಳು.

"ಅಂದ್ರ ಅಲ್ಲೀತನಕ ಗಾಡಿ ಅವರದು?" ಶಾಂತಾಬಾಯಿ ಕೇಳಿದರು.

"ಹೂಂರೀ, ಅವರದೇ."

ಆಗ ಅವರು ಸೀಟಿನಿಂದ ಇಳಿದರು.

"ಬರ್ರಿ, ಹೊತ್ತು ಮುಳುಗೂದ್ರಾಗ ಉಂಡು ಹೋಗ್ರಿ. ಮುಳುಗಿದ ಮ್ಯಾಲೆ ನಾವು ಜೈನರು ಉಣ್ಣೂದಿಲ್ಲ. ಬಾಜೂಕ ಯಾರರ ಕುಂತ್ರ ರೊಟ್ಟಿ ಬಡಿಯಾಕ ಮನಸ್ಸು ಬರತೈತಿ."